ಮನೆಗೊಬ್ಬರು ವಿಳಾಸ ಹೇಳುವವರು

ನಿವೃತ್ತಿ ಹತ್ತಿರ ಬರುವವರೆಗೂ ನಾನು ಇಂಟರ್ನೆಟ್ ಅಂದರೆ ನಮ್ಮ ಚಪ್ಪಲಿ ಗೂಡಿನ ಮೇಲೆ ಕೂತಿರುವ ಬಿಳಿ ಪೆಟ್ಟಿಗೆ ಎಂದೇ ತಿಳಿದಿದ್ದೆ. ಅದರ ಮೇಲೆ ಹಸಿರು ದೀಪ ಉರಿದರೆ ಇಂಟರ್ನೆಟ್ ಇದೆ, ಕೆಂಪು ದೀಪ ಉರಿದರೆ ಇಲ್ಲ. ಇಷ್ಟು ವೇದಾಂತದಲ್ಲಿ ಬದುಕು ಸಾಗಿತ್ತು. ದೀಪ ಕೆಂಪಾದಾಗ ವೈರು ಕಿತ್ತು, ಕುಲದೇವರನ್ನು ನೆನೆದು, ಮತ್ತೆ ಚುಚ್ಚುವುದು ಅದರ ಪೂಜಾವಿಧಾನ. ಬ್ಯಾಂಕಿನಲ್ಲಿ ತಲೆ ಹಣ್ಣಾಗುವವರೆಗೆ ದುಡಿದವನಿಗೆ ಯಂತ್ರಗಳ ಬಗ್ಗೆ ಇದಕ್ಕಿಂತ ಹೆಚ್ಚಿನ ಕುತೂಹಲ ಉಳಿದಿರುವುದಿಲ್ಲ. ಉಳಿದಿದ್ದರೆ ಅವನು ಬ್ಯಾಂಕಿನಲ್ಲಿ ಸರಿಯಾಗಿ ದುಡಿದಿಲ್ಲ ಎಂದರ್ಥ.

ಆದರೆ ಒಂದು ಶನಿವಾರ ಹಸಿರು ದೀಪ ಹಸಿರಾಗಿಯೇ ಉರಿಯುತ್ತಿದ್ದರೂ ಮನೆಯಲ್ಲಿ ಏನೂ ತೆರೆಯಲೊಲ್ಲದಾಯಿತು. ಶನಿವಾರ ಎಂದೆನಲ್ಲ, ಅದಕ್ಕೆ ಕಾರಣವಿದೆ. ನಮ್ಮ ಮನೆ ಇರುವುದು ನಾಸಿಕದಲ್ಲಿ, ನನಗೆ ವರ್ಗವಾದದ್ದು ಛತ್ರಪತಿ ಸಂಭಾಜಿನಗರಕ್ಕೆ. ವಾರವಿಡೀ ಅಲ್ಲಿ ಚಿಕಲಠಾಣಾದ ಬಾಡಿಗೆ ಕೋಣೆಯಲ್ಲಿದ್ದು, ವಾರದ ಕೊನೆಗೆ ವೈಜಾಪುರ, ಯೇವಲಾ, ನಿಫಾಡ್ ದಾಟಿಕೊಂಡು ಬಸ್ಸಿನಲ್ಲಿ ಊರು ಸೇರುತ್ತೇನೆ. ಮರಳುವ ಬಸ್ಸಿನ ಫಲಕದ ಮೇಲೆ ಸಂಭಾಜಿನಗರ ಎಂಬ ಹೊಸ ಹೆಸರಿದೆ. ಕಂಡಕ್ಟರನ ನಾಲಿಗೆಯ ಮೇಲೆ ಒಮ್ಮೆ ಹಳೆಯದು, ಒಮ್ಮೆ ಹೊಸದು. ಯಾವ ಹೆಸರು ಹೇಳಿ ಟಿಕೆಟ್ ತೆಗೆಸಿದರೂ ಬಸ್ಸು ಇಳಿಸುವುದು ಅದೇ ನಿಲ್ದಾಣದಲ್ಲಿ, ನೋಯುವುದು ಅದೇ ಸೊಂಟ. ದೇವರಿಗೆ ಸಾವಿರ ಹೆಸರಿದ್ದರೂ ಹೋಗುವ ಬಾಗಿಲು ಒಂದೇ ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಅವನು ಭಕ್ತಿಯ ಮಾತು ಹೇಳಿದ್ದ. ಅದು ಆ ಬಿಳಿ ಪೆಟ್ಟಿಗೆಯ, ಎಂದರೆ ರೌಟರಿನ, ಮಾತೂ ಹೌದು ಎಂದು ನನಗೆ ತಿಳಿದದ್ದು ಆ ಶನಿವಾರ.

ತಿಳಿಸಿದವಳು ನನ್ನ ಮಗಳು ಮುಕ್ತಾ. ಸಿನ್ನರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವುದು ಅವಳ ಕೆಲಸ. ಹುಟ್ಟಿ ಬೆಳೆದದ್ದು ಈ ಕಡೆಯೇ ಆದ್ದರಿಂದ ನಾವಾಡುವ ಬಾಗಲಕೋಟೆಯ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ. ಅವಳ ಬಾಯಿಂದ ಮರಳಿ ಬರುವಾಗ ಮಾತ್ರ ಅದು ದಾರಿಯಲ್ಲಿ ಸಿಕ್ಕ ಮರಾಠಿ ಮಾತುಗಳನ್ನೆಲ್ಲ ಹತ್ತಿಸಿಕೊಂಡು ಬರುತ್ತದೆ.

"ಅಪ್ಪಾ, ನೆಟ್ ಆಹೇಚ್. ಹೆಸರು ಹಾಕಿದ್ರ ಅಡಕತದ, ನಂಬರ್ ಹಾಕಿದ್ರ ಬರೋಬರ್ ಹೋಗತದ" ಎಂದಳು. ನೆಟ್ ಇದ್ದೇ ಇದೆ, ಹೆಸರು ಹಾಕಿದರೆ ಮಾತ್ರ ಸಿಕ್ಕಿಕೊಳ್ಳುತ್ತದೆ ಎಂದರ್ಥ.

ಆಮೇಲೆ ವಿವರಿಸಿದಳು. ನಾವು ಫೋನಿನಲ್ಲಿ ಒಂದು ತಾಣದ ಹೆಸರು ಹೊಡೆಯುತ್ತೇವೆ. ಯಂತ್ರಕ್ಕೆ ಹೆಸರು ತಿಳಿಯದು, ಅದಕ್ಕೆ ಅಂಕಿಗಳ ವಿಳಾಸ ಬೇಕು. ಆಗ ಫೋನು ಈ ಬಿಳಿ ಪೆಟ್ಟಿಗೆಯನ್ನು ಕೇಳುತ್ತದೆ: ಇಂಥವರ ಮನೆ ಎಲ್ಲಿ? ಪೆಟ್ಟಿಗೆಗೂ ಗೊತ್ತಿರುವುದಿಲ್ಲ. ಅದು ಹೊರಗಿನ ದೊಡ್ಡ ಕಂಪ್ಯೂಟರನ್ನು ಕೇಳಿ, ಉತ್ತರ ತಂದು ಕೊಟ್ಟು, ಮತ್ತೆ ಯಾರಾದರೂ ಕೇಳಿಯಾರೆಂದು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ದಾರಿ ಬಿಡುವುದು ಅದರ ಒಂದು ಕೆಲಸ, ವಿಳಾಸ ಹೇಳುವುದು ಇನ್ನೊಂದು. ಆ ದಿನ ದಾರಿ ತೆರೆದೇ ಇತ್ತು. ವಿಳಾಸ ಹೇಳುವ ಬಾಯಿ ಮಾತ್ರ ಕಟ್ಟಿತ್ತು.

"ಪಾಪ, ಅದಕ್ಕೂ ಸಾಕಾಗಿದ್ದೀತು" ಎಂದೆ, ಬಸ್ಸಿನಿಂದ ಇಳಿದವನ ಸಹಾನುಭೂತಿಯಿಂದ.

"ಸಾಕಾಗಿದ್ದೀತಲ್ಲ, ಸಾಕಾಗೇದ. ಕೈ ಇಟ್ಟು ನೋಡ್ರಿ, ಕಿತೀ ಗರಮ್. ಖರೇ ಅಂದ್ರ ಈ ಕೆಲಸ ರೌಟರಿಗೆ ಗರಜ್‌ನೇ ಇಲ್ಲ. ಎಲ್ಲಾರ ಫೋನೂ ಹೊರಗಿನವರನ್ನ ನೇರ ಕೇಳಬಹುದು. ಇದು ನಡುವ ಯಾಕ?"

ಹೀಗೆ ಚರ್ಚೆ ಶುರುವಾಯಿತು. ಮನೆಯ ರೌಟರು ವಿಳಾಸ ಹೇಳುವ ಕೆಲಸ ಮಾಡಬೇಕೋ ಬೇಡವೋ? ನಾನು ಬೇಕು ಎಂಬ ಪಕ್ಷ ಹಿಡಿದೆ. ವಿಷಯ ತಿಳಿಯದಿದ್ದಾಗ ಹಳೆಯ ಪದ್ಧತಿಯ ಪಕ್ಷ ಹಿಡಿಯುವುದು ಕ್ಷೇಮ ಎಂದು ಬ್ಯಾಂಕಿನ ನೌಕರಿ ಕಲಿಸಿದೆ. ಮನೆಯ ಪ್ರಶ್ನೆ ಮೊದಲು ಮನೆಯೊಳಗೆ ಕೇಳಬೇಕು, ಬೀದಿಯವರಿಗೆ ನಾವು ಏನೇನು ಕೇಳುತ್ತೇವೆ ಎಂಬುದೆಲ್ಲ ಯಾಕೆ ಗೊತ್ತಾಗಬೇಕು ಎಂದೆ. ಮಗಳು ನಕ್ಕಳು. ಪೆಟ್ಟಿಗೆಗೆ ಸ್ವಂತ ಬುದ್ಧಿ ಇಲ್ಲ, ಅದೂ ಕೊನೆಗೆ ಬೀದಿಯವರನ್ನೇ ಕೇಳುತ್ತದೆ ಎಂದಳು. ನಿರ್ಣಯವಾಗಲಿಲ್ಲ. ವೈರು ಕಿತ್ತು ಚುಚ್ಚಿದೆವು, ಬಾಯಿ ಬಿಟ್ಟಿತು.

ಈ ಚರ್ಚೆಯಲ್ಲಿ ಒಂದು ಮಾತೂ ಆಡದೆ ಕೂತಿದ್ದವಳು ನನ್ನ ಹೆಂಡತಿ ಮಾಲತಿ. ಆಡದಿರಲು ಕಾರಣ, ಅವಳು ಆಡುವಂತಿರಲಿಲ್ಲ. ಕೆಲವು ತಿಂಗಳಿಂದ ಅವಳ ದನಿ ಗೊಗ್ಗರಾಗುತ್ತ ಬಂದು, ತುಕ್ಕು ಹಿಡಿದ ಬಾಗಿಲಿನ ಹಾಗೆ ಕೇಳತೊಡಗಿತ್ತು. ಗಂಟಲಿನ ವೈದ್ಯೆಯ ಬಳಿ ಹೋದರೆ, ದನಿಯ ತಂತಿಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು. ಕೆಲವು ವಾರ ಸಂಪೂರ್ಣ ಮೌನ. ಕರಗಿದರೆ ಸರಿ. ಕರಗದಿದ್ದರೆ ಶಸ್ತ್ರಚಿಕಿತ್ಸೆ, ಆಮೇಲೆ ಮೊದಲಿನ ದನಿಯೇ ಬಂದೀತೆಂದು ಹೇಳಲಾಗದು.

"ಬೋಲಾಯ್ಚಂ ನಾಹಿ. ಕುಜಬುಜ ಪಣ್ ನಾಹಿ" ಎಂದು ಬೆರಳೆತ್ತಿ ಎಚ್ಚರಿಸಿದ್ದರು. ಮಾತೂ ಇಲ್ಲ, ಪಿಸುಮಾತೂ ಇಲ್ಲ.

ಓದುಗರೇ, ಮಾಲತಿ ಯಾರೆಂದು ನಿಮಗೆ ಹೇಳಬೇಕು. ಪರ ಊರಿಗೆ ವರ್ಗವಾಗಿ ಬಂದ ನಮ್ಮಂಥ ಮನೆತನಗಳಲ್ಲಿ ಗಂಡಸು ಸಂಬಳ ತರುತ್ತಾನೆ, ಸಂಬಂಧಗಳನ್ನು ಹೆಂಗಸು ಇಟ್ಟುಕೊಳ್ಳುತ್ತಾಳೆ. ಬಾಗಲಕೋಟೆಯಿಂದ ಮುಂಬಯಿಯವರೆಗೆ ಚೆದುರಿದ ನಮ್ಮ ಬಳಗದಲ್ಲಿ ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರ ಮನೆ ಬದಲಾಯಿತು, ಯಾರಿಗೆ ಶೇಂಗಾ ಹೋಳಿಗೆ ಕೊಡಬಾರದು, ಯಾರ ಎದುರು ಯಾರ ಹೆಸರು ಎತ್ತಬಾರದು, ಎಲ್ಲವೂ ಅವಳಿಗೆ ಬಾಯಿಪಾಠ. ನಮ್ಮ ಕಟ್ಟಡದ ಹಿಂದೆ ಕಟ್ಟುತ್ತಿರುವ ಹೊಸ ಕಟ್ಟಡಕ್ಕೆ ವಿಜಯಪುರದ ಕಡೆಯಿಂದ ದುಡಿಯಲು ಬಂದ ಹೆಂಗಸರು ಕೂಡ ದವಾಖಾನೆಯ ಯಾವ ಬಾಗಿಲಿಗೆ ಹೋಗಬೇಕೆಂದು ಕೇಳಲು "ಬಾಯಾರ, ಅದೀರೇನ್ರಿ?" ಎಂದು ಇವಳ ಬಾಗಿಲಿಗೇ ಬರುತ್ತಾರೆ. ನನಗೂ ನನ್ನ ಅಣ್ಣತಮ್ಮಂದಿರ ಸಮಾಚಾರ ಗೊತ್ತಾಗುವುದು ಅವಳಿಂದಲೇ. ಚಪ್ಪಲಿ ಗೂಡಿನ ಮೇಲಿನ ಪೆಟ್ಟಿಗೆಗಾದರೂ ನಡುನಡುವೆ ವೈರು ಕಿತ್ತು ವಿಶ್ರಾಂತಿ ಕೊಡುತ್ತಿದ್ದೆವು.

ಆ ಶನಿವಾರದ ಮೊದಲೇ ಮೌನ ಶುರುವಾಗಿತ್ತು. ಮುಕ್ತಾ ಪೇಟೆಯಿಂದ ಮಕ್ಕಳ ಪಾಟಿ ತಂದಿದ್ದಳು, ಬಳಪ ತಂದಿದ್ದಳು. ಮಾಲತಿ ನಿಷ್ಠೆಯಿಂದ ಒಂದಕ್ಷರ ಆಡಲಿಲ್ಲ. ಆದರೂ ಎರಡನೆಯ ತಪಾಸಣೆಯಲ್ಲಿ ವೈದ್ಯೆ ಗಂಟಲೊಳಗೆ ಇಣುಕಿ ಮುಖ ಸಣ್ಣದು ಮಾಡಿದರು. ಗಂಟು ಇದ್ದಲ್ಲೇ ಇದೆ, ಬಾವು ಹೆಚ್ಚಿದೆ. ಮಾತಾಡಿದಿರಾ ಎಂದು ಕೇಳಿದರು. ಮಾಲತಿ ಇಲ್ಲವೆಂದು ತಲೆಯಾಡಿಸಿದಳು. ನಾನೂ ಸಾಕ್ಷಿ ಹೇಳಿದೆ. ಮುಕ್ತಾ ಆಣೆ ಮಾಡಿದಳು. ವೈದ್ಯೆ ನಿಟ್ಟುಸಿರು ಬಿಟ್ಟು, ಹೀಗೇ ಆದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತದೆ, ಅದರಲ್ಲಿ ಇಂಥಿಂಥ ಅಪಾಯ ಎಂದು ಮರಾಠಿಯಲ್ಲಿ ಹೇಳತೊಡಗಿದರು. ಮಾಲತಿ ಗಮನವಿಟ್ಟು ಕೇಳುತ್ತಿದ್ದಳು.

"ಹೂಂ... ಹೂಂ... ಹೂಂ..."

ವೈದ್ಯೆ ಮಾತು ನಿಲ್ಲಿಸಿ, ಪೆನ್ನು ಕೆಳಗಿಟ್ಟರು. "ಹೇ ಕಾಯ್?"

ಇದೇನು ಎಂದು ಕೇಳಿದ್ದು ಯಾವುದಕ್ಕೆ ಎಂದು ನಮಗೆ ಮೂವರಿಗೂ ತಿಳಿಯಲಿಲ್ಲ. ಸುತ್ತ ನೋಡಿದೆವು. ಅವರು ಮಾಲತಿಯ ಗಂಟಲಿನತ್ತ ಬೆರಳು ತೋರಿಸಿದಾಗ ನಾನು ವಿನಯದಿಂದ ತಿದ್ದಿದೆ: "ಅದು ಮಾತಲ್ಲ ಡಾಕ್ಟರ್. ಅದು ಹೂಂ."

ನಗಬೇಡಿ. ಇದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ನಾನು ಮಾತು ಕಲಿತದ್ದು ಅಜ್ಜಿಯ ತೊಡೆಯ ಪಕ್ಕದಲ್ಲಿ. ಕಥೆ ಹೇಳುವಾಗ ಅಜ್ಜಿಯ ಮೊದಲ ಷರತ್ತು ಹೂಂಗುಟ್ಟುವುದು. ಕೇಳುವವನ ಹೂಂ ನಿಂತಿತೆಂದರೆ ಕಥೆ ನಿಂತಿತು. ಕಾಡಿನಲ್ಲಿದ್ದ ರಾಜಕುಮಾರ ಕಾಡಿನಲ್ಲೇ, ಹುಲಿಯ ಬಾಯಿ ತೆರೆದಂತೆಯೇ. ಹಿರಿಯರು ಮಾತಾಡುವಾಗ ಹೂಂ ಅನ್ನದವನು ಒಂದೋ ನಿದ್ದೆ ಹೋಗಿದ್ದಾನೆ, ಇಲ್ಲವೇ ಸೊಕ್ಕಿದ್ದಾನೆ. ಹೂಂ ಅನ್ನುವುದು ನಮಗೆ ಉಸಿರಾಟದ ಶಾಖೆ, ಮಾತಿನ ಶಾಖೆಯಲ್ಲ. ಉಪವಾಸದ ದಿನ ನೀರು ಕುಡಿದರೆ ಹೇಗೆ ಲೆಕ್ಕವಿಲ್ಲವೋ, ಮೌನದ ದಿನ ಹೂಂ ಅಂದರೆ ಹಾಗೆ.

ಮನೆಗೆ ಬಂದು ಗಮನವಿಟ್ಟು ನೋಡಿದೆವು. ನೋಡಿದರೆ ದಿನವಿಡೀ ಹೂಂ! ಬಳಗದವರೆಲ್ಲ ಎಂದಿನಂತೆ ಫೋನ್ ಮಾಡುತ್ತಿದ್ದರು, ಅವಳ ಮೌನವನ್ನು ಗೌರವಿಸಿಯೇ ಮಾಡುತ್ತಿದ್ದರು. "ನೀ ಏನೂ ಮಾತಾಡಬ್ಯಾಡ ತಾಯಿ, ನಾ ಹೇಳತೀನಿ, ನೀ ಬರೇ ಹೂಂ ಅನ್ನು" ಎಂದು ಶುರುಮಾಡಿ ಬೇಕುಬೇಕಾದ್ದೆಲ್ಲ ಕೇಳುತ್ತಿದ್ದರು. ಹೌದಾದರೆ ಹೂಂ, ಅಲ್ಲವಾದರೆ ಊಂಹೂಂ, ಅನುಮಾನವಿದ್ದರೆ ಹೂಂss ಎಂದು ಎಳೆತ. ಒಂದೊಂದೂ ಸಾಸಿವೆಯಷ್ಟು. ಸಾಸಿವೆಯಷ್ಟಿರುವುದರಿಂದಲೇ ಯಾರೂ ಅದನ್ನು ಕೆಲಸವೆಂದು ಎಣಿಸಿರಲಿಲ್ಲ. ರೌಟರು ಬಿಸಿಯಾಗುವುದೂ ಇಂಥ ಚಿಲ್ಲರೆ ಉತ್ತರಗಳಿಂದಲೇ ಎಂದು ನನಗನ್ನಿಸಿತು. ಮುಕ್ತಾಳಿಗೆ ಹೇಳಿದೆ. ಅದು ತಾಂತ್ರಿಕವಾಗಿ ಚೂಕ್, ತಪ್ಪು ಎಂದಳು, ಆದರೆ ಯಾಕೋ ಬಹಳ ಹೊತ್ತು ಅವ್ವನ ಮುಖ ನೋಡುತ್ತ ಕೂತಳು.

ಆ ಸೋಮವಾರ ನಾನು ಮಾಲತಿಯ ಫೋನನ್ನು ನನ್ನ ಜೇಬಿಗೆ ಹಾಕಿಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ಯಾರು ಕರೆದರೂ ನಾನೇ ಉತ್ತರಿಸುವುದು, ಅವಳ ಗಂಟಲಿಗೆ ಬಿಡುವು. ಮಹಾ ತ್ಯಾಗ ಮಾಡಿದ ಠೀವಿ ನನ್ನ ಮುಖದ ಮೇಲಿತ್ತು. ನಿಫಾಡಿನ ದ್ರಾಕ್ಷಿ ತೋಟಗಳು ಬರುವ ಮೊದಲೇ ಆ ಠೀವಿ ಇಳಿಯಿತು.

ಮೊದಲ ಕರೆ ಬಾಗಲಕೋಟೆಯ ನನ್ನ ಅಕ್ಕ ಗೋದಕ್ಕನದು.

"ರಾಘೂ, ನೀ ಯಾಕ ಎತ್ತಿದಿ? ಮಾಲತಿಗೆ ಕೊಡು."

"ಆಕಿ ಮಾತಾಡೂಹಂಗಿಲ್ಲ ಅಕ್ಕಾ."

"ಮಾತಾಡಂತ ಯಾರಂದ್ರೋ? ಹೂಂ ಅನ್ನಲಿ ಸಾಕು."

"ಹೂಂ ಅನ್ನೂಹಂಗೂ ಇಲ್ಲ."

ಅಕ್ಕ ದನಿ ತಗ್ಗಿಸಿ, "ಅಯ್ಯ ನಮ್ಮವ್ವ! ಅಂದ್ರ ಭಾಳ ಸೀರಿಯಸ್ ಅದ ಅನ್ನು" ಎಂದಳು. ನಂತರ ತಾನು ಕೇಳಬೇಕಾದ್ದನ್ನು ನನ್ನನ್ನೇ ಕೇಳಿದಳು. ಮಾವಶಿಯ ಕಿರಿ ಸೊಸೆಯ ತವರು ಯಾವುದು, ಸೀಮಂತಕ್ಕೆ ಕರೆಯಬೇಕಾಗಿದೆ. ನನಗೆ ತಾಯಿಯ ತಂಗಿಯಾದ ಮಾವಶಿ ಗೊತ್ತು. ಅವಳಿಗೆ ಸೊಸೆಯರಿದ್ದಾರೆ ಎಂಬುದೂ ಗೊತ್ತು.

ಆಮೇಲೆ ನಡೆದದ್ದು ಹೀಗೆ. ಬಾಗಲಕೋಟೆಯಲ್ಲಿ ಹುಟ್ಟಿದ ಪ್ರಶ್ನೆ ಸಂಭಾಜಿನಗರದ ನನ್ನ ಮೇಜಿಗೆ ಬರುತ್ತಿತ್ತು. ನಾನು ಅದನ್ನು ಸಿನ್ನರಿನ ಕಾರ್ಖಾನೆಯಲ್ಲಿರುವ ಮುಕ್ತಾಳಿಗೆ ಕಳಿಸುತ್ತಿದ್ದೆ. ಅವಳು ಸಂಜೆ ನಾಸಿಕದ ಮನೆಗೆ ಹೋಗಿ ಕೇಳಿದರೆ ಮಾಲತಿ ಪಾಟಿಯ ಮೇಲೆ ಬರೆಯುತ್ತಿದ್ದಳು. ಆ ಉತ್ತರ ಅದೇ ದಾರಿಯಲ್ಲಿ ಮರಳುತ್ತಿತ್ತು. ಅಷ್ಟರಲ್ಲಿ ಅಕ್ಕ ಸಿಟ್ಟಿಗೆದ್ದು ಇನ್ನೆರಡು ಪ್ರಶ್ನೆ ಹುಟ್ಟಿಸಿರುತ್ತಿದ್ದಳು. ರೌಟರಿಗೆ ಸ್ವಂತ ಬುದ್ಧಿಯಿಲ್ಲ, ಅದು ಇನ್ನೊಬ್ಬರನ್ನು ಕೇಳಿ ಹೇಳುತ್ತದೆ ಎಂದು ಮಗಳು ಹೇಳಿದ್ದರ ಅರ್ಥ ನನಗೆ ಅನುಭವದಿಂದ ಆಯಿತು. ಬ್ಯಾಂಕಿನಲ್ಲಿ ಎದುರಿಗೆ ಕೂತ ಗ್ರಾಹಕರಿಗೆ ಒಂದು ನಿಮಿಷ ಎಂದು ಕೈ ತೋರಿಸಿ ಕರಿಬೇವಿನ ಚಟ್ನಿಪುಡಿಗೆ ಹುಣಸೆ ಮೊದಲೋ ಕೊನೆಗೋ ಎಂಬ ಪ್ರಶ್ನೆಯನ್ನು ಮುಂದೂಡುವಾಗ ನನ್ನ ಹಸಿರು ದೀಪ ಉರಿಯುತ್ತಿತ್ತು ನಿಜ, ಒಳಗೆ ಮಾತ್ರ ಎಲ್ಲ ಸುಸ್ತು. ಬಸ್ಸಿನ ದಣಿವು ಸೊಂಟಕ್ಕೆ ಬರುತ್ತದೆ. ಈ ದಣಿವು ಎಲ್ಲಿಗೆ ಬರುತ್ತದೆಂದು ತೋರಿಸಲೂ ಆಗದು. ಮಾಲತಿ ಇದನ್ನು ಯಾವತ್ತೂ ಎಲ್ಲಿ ಎಂದು ತೋರಿಸಿರಲಿಲ್ಲ.

ಪ್ರತಿ ಸಲ ಕೇಳಿ ಹೇಳುವುದು ಸಾಕಾಗಿ, ನಾನೇ ನೆನಪಿನಿಂದ ಉತ್ತರ ಕೊಡತೊಡಗಿದೆ. ನನ್ನ ಚಿಕ್ಕಪ್ಪನ ಮಗ ವಾಸು ತನ್ನ ಮಗನ ಮುಂಜಿವೆಯ ಆಮಂತ್ರಣ ಹಂಚಲು ಈ ಕಡೆ ಬಂದವನು, ಅತ್ತೆಯ ಮಗಳು ಸುಶೀಲಾಳ ಮನೆ ಎಲ್ಲಿ ಎಂದು ಫೋನಿನಲ್ಲಿ ಕೇಳಿದ. ಚಿಕಲಠಾಣಾ, ವಿಮಾನ ನಿಲ್ದಾಣದ ಹಿಂದಿನ ಓಣಿ, ಎರಡನೆಯ ಮಹಡಿ ಎಂದು ಥಟ್ಟನೆ ಹೇಳಿದೆ. ನನ್ನ ಕೋಣೆಯ ಮಗ್ಗುಲಿಗೇ ಇದೆ ಎಂಬ ಹೆಮ್ಮೆ ಬೇರೆ. ಅವನು ಹೋಗಿ, ಅಲ್ಲಿದ್ದವರಿಗೆ ಕುಂಕುಮ ಹಚ್ಚಿ, ಆಮಂತ್ರಣ ಕೊಟ್ಟು, ಚಹಾ ಕುಡಿದು, ಸುಶೀಲಾ ಎಲ್ಲಿ ಹೊರಗೆ ಹೋಗಿದ್ದಾಳೆ ಎಂದು ವಿಚಾರಿಸಿದಾಗ ಅವರು ಬಹಳ ಸೌಜನ್ಯದಿಂದ ಸುಶೀಲಾ ಯಾರು ಎಂದರಂತೆ. ಮುಂಜಿವೆಗೆ ಖಂಡಿತ ಬರುತ್ತೇವೆ ಎಂದೂ ಅಂದರಂತೆ. ಸುಶೀಲಾ ಗಂಡನ ಕೆಲಸಕ್ಕಾಗಿ ನಿಫಾಡಿಗೆ ಹೋಗಿ ವರ್ಷವಾಗಿತ್ತು.

ಶನಿವಾರ ಮನೆಗೆ ಬಂದು ಇದನ್ನು ಹೇಳಿದಾಗ ಮಾಲತಿ ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕಳು. ನಂತರ ಪಾಟಿ ಒರೆಸಿ ಬರೆದಳು: "ಆಗಲೇ ಹೇಳಿದ್ದೆ. ನೀವು ಪೇಪರ್ ಓದುತ್ತಿದ್ದಿರಿ."

ಮುಕ್ತಾ ನನ್ನನ್ನು ಸಮಾಧಾನ ಮಾಡಿದಳು. "ಅಪ್ಪಾ, ರೌಟರ್ ಸುದ್ಧಾ ಹಿಂಗ ಮಾಡಬಾರದಂತ ಹಳೇ ವಿಳಾಸ ಥೋಡ್ಯಾ ವೇಳಾನೆ ಮರತು ಬಿಡತದ. ನೀವೂ ಮರೀರಿ."

ಸ್ವಲ್ಪ ಹೊತ್ತಿಗೆ ಮರೆಯುವುದೂ ಒಂದು ಕರ್ತವ್ಯವೆಂದು ಮಗಳ ಬಾಯಿಂದ ಕೇಳಿದ ತಂದೆ ನಾನೊಬ್ಬನೇ ಇರಬೇಕು.

ಮರುದಿನ ಭಾನುವಾರ ಅವಳು ಎರಡು ಕೆಲಸ ಮಾಡಿದಳು. ಮೊದಲನೆಯದು ಬಿಳಿ ಪೆಟ್ಟಿಗೆಯದು. ಒಳಹೊಕ್ಕು, ಅದರ ವಿಳಾಸ ಹೇಳುವ ಕೆಲಸವನ್ನೇ ನಿಲ್ಲಿಸಿ, ಮನೆಯ ಫೋನು, ಟೀವಿಗಳಿಗೆಲ್ಲ ಹೊರಗಿನವರನ್ನು ನೇರ ಕೇಳಿಕೊಳ್ಳಿ ಎಂದು ಅಪ್ಪಣೆ ಮಾಡಿದಳು. ಎರಡನೆಯದು, ಬಳಗದವರೆಲ್ಲರ ನಂಬರುಗಳನ್ನು ಎಲ್ಲರಿಗೂ ಕಳಿಸಿ, ಮರಾಠಿ ಬೆರೆತ ಕನ್ನಡದಲ್ಲಿ ಒಂದು ಸಂದೇಶ ಹೇಳಿ ರೆಕಾರ್ಡು ಮಾಡಿದಳು: "ನಮಸ್ಕಾರ, ನಾ ಮುಕ್ತಾ. ಅವ್ವನ ಗಳಾ ಖರಾಬ್ ಆಗೇದ. ಯಾರಿಗೆ ಯಾರದು ಏನು ಪಾಹಿಜೆ, ಏನು ಬೇಕು, ಅವರು ಅವರನ್ನ ಡೈರೆಕ್ಟ್ ಕೇಳ್ರಿ. ಅವ್ವನ್ನ ಕೇಳಬ್ಯಾಡ್ರಿ. ಅಪ್ಪನ್ನ ತರ್ ಕೇಳೂದಽ ಬ್ಯಾಡ್ರಿ." ಕೊನೆಯ ಮಾತು ಅನಾವಶ್ಯಕವಾಗಿತ್ತು ಎಂದು ನನ್ನ ಅಭಿಪ್ರಾಯ.

ನನಗೆ ಭಯವಿತ್ತು. ಆದರೆ ಪ್ರಪಂಚ ಮುಳುಗಲಿಲ್ಲ. ಟೀವಿ ನಡೆಯಿತು, ಫೋನು ನಡೆಯಿತು. ಗೋದಕ್ಕ ಮತ್ತು ವಾಸು ಯಾವುದೋ ಹಳೆಯ ಮುನಿಸಿಗೆ ಬಹಳ ಕಾಲದಿಂದ ಮಾತು ಬಿಟ್ಟಿದ್ದರು. ಅವನು ಹೇಗಿದ್ದಾನೆ ಎಂದು ಇವಳು, ಇವಳು ಹೇಗಿದ್ದಾಳೆ ಎಂದು ಅವನು, ಇಬ್ಬರೂ ಮಾಲತಿಯನ್ನೇ ಕೇಳುತ್ತಿದ್ದರು. ಈಗ ಬೇರೆ ದಾರಿಯಿಲ್ಲದೆ ಅಕ್ಕ ಅವನಿಗೇ ಫೋನ್ ಮಾಡಿದಳು. ಅರ್ಧ ತಾಸು ಜಗಳವಾಡಿದರಂತೆ. "ಭಾಳ ದಿವಸಕ್ಕ ಮನಸು ಬಿಚ್ಚಿ ಬೈದೆ ನೋಡು" ಎಂದು ಅಕ್ಕ ಆನಂದದಿಂದ ನನಗೆ ವರದಿ ಕೊಟ್ಟಳು. ಮುಂಜಿವೆಗೆ ಈಗ ಅವಳೇ ಮುಂದಾಗಿ ಹೊರಟಿದ್ದಾಳೆ.

ಒಂದೇ ಒಂದು ತೊಡಕಾಯಿತು. ಮುಕ್ತಾ ಏನೋ ಅಚ್ಚು ಹಾಕಲು ಹೋದರೆ ಪ್ರಿಂಟರು ಎಂಬುದು ಯಾರೆಂದೇ ತನಗೆ ಗೊತ್ತಿಲ್ಲವೆಂದು ಕಂಪ್ಯೂಟರು ಹೇಳಿತು. ಪ್ರಿಂಟರು ಅಲ್ಲೇ, ಕೈಯಳತೆಯಲ್ಲಿ ಕೂತಿದೆ! ಹೊರಗಿನ ದೊಡ್ಡ ಕಂಪ್ಯೂಟರಿಗೆ ಲೋಕದ ಹೆಸರೆಲ್ಲ ಗೊತ್ತು, ನಮ್ಮ ಮನೆಯ ಮೂಲೆಯಲ್ಲಿರುವವರ ಹೆಸರು ಗೊತ್ತಿಲ್ಲ. ಅದು ಈ ಬಡ ಪೆಟ್ಟಿಗೆಗೆ ಮಾತ್ರ ಗೊತ್ತಿತ್ತು. ನಾನು ಗೆದ್ದವನಂತೆ ನೋಡಿದೆ. ಮುಕ್ತಾ ಪ್ರಿಂಟರಿಗೆ ಕಾಯಂ ನಂಬರೊಂದನ್ನು ಕೊಟ್ಟು ಕೆಲಸ ಸಾಗಿಸಿದಳು, ಆದರೆ ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಈಗ ನನ್ನನ್ನು ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ಮನೆಯ ರೌಟರು ವಿಳಾಸ ಹೇಳಲೇಬೇಕೆಂದಿಲ್ಲ. ಲೋಕದ ಪ್ರಶ್ನೆಗಳನ್ನೆಲ್ಲ ಅದರ ತಲೆಗೆ ಕಟ್ಟಬೇಡಿ. ಆದರೆ ಮನೆಯೊಳಗಿನ ಹೆಸರುಗಳನ್ನು ಬಲ್ಲವರು ಮನೆಯೊಳಗೆ ಯಾರಾದರೂ ಇರಬೇಕು.

ಮಾಲತಿಯ ಮೌನ ಮುಂದುವರಿಯಿತು, ಈಗ ಹೂಂ ಕೂಡ ಇಲ್ಲದ ಮೌನ. ಹೂಂ ಬಂದಾಗಲೆಲ್ಲ ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದಳು. ನಾನು ವಾರದ ಸಮಾಚಾರ ಹೇಳುವಾಗ ಎದುರಿನಿಂದ ಯಾವ ಸದ್ದೂ ಬಾರದೆ ನನ್ನ ಮಾತು ನನಗೇ ಅರ್ಧಕ್ಕೆ ನಿಲ್ಲುತ್ತಿತ್ತು. ಎದುರಿಗಿದ್ದವಳ ಮುಖ ನೋಡುತ್ತ ಮಾತಾಡುವುದನ್ನು ಆ ದಿನಗಳಲ್ಲಿ ಕಲಿತೆ. ಕೇಳುತ್ತಿದ್ದಾಳೋ ಇಲ್ಲವೋ ತಿಳಿಯಲು ಬೇರೆ ಉಪಾಯವಿರಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಕೇಳಿದರೆ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಪಾಟಿಯಲ್ಲಿ ಬರೆದಳು. ದನಿ ಬಾರದಿದ್ದರೆ ಎಂಬ ಮಾತನ್ನು ಅವಳೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಹಾಗೆ ಕೇಳದೆ ಉಳಿದ ಮಾತು ಮನೆಯಲ್ಲಿ ಎಲ್ಲಿ ಕೂತರೂ ಕಾಲಿಗೆ ತಾಗುತ್ತಿತ್ತು.

ಮೂರನೆಯ ತಪಾಸಣೆಗೆ ರಜೆ ಹಾಕಿ ಬಂದೆ. ವೈದ್ಯೆ ದೀಪ ಹಿಡಿದು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಗೋಡೆಯ ಮೇಲಿನ ಕಿವಿ ಮೂಗು ಗಂಟಲಿನ ಚಿತ್ರವನ್ನು ನೋಡುತ್ತ, ಅದರಲ್ಲಿ ಬರೆದ ಒಂದು ಹೆಸರನ್ನೂ ಓದಲಾರದೆ ನಿಂತೆ. ಮುಕ್ತಾ ನನ್ನ ತೋಳು ಹಿಡಿದಿದ್ದಳು.

"ಬರಂ ಝಾಲಂ" ಎಂದರು ವೈದ್ಯೆ. ವಾಸಿಯಾಗಿದೆ! ನಂತರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: ಈಗ ಮಾತಾಡಿ, ಸಾವಕಾಶ, ಒಂದೇ ಶಬ್ದ. ನಿಮ್ಮ ಹೆಸರು ಹೇಳಿ, ಸಾಕು.

ಮಾಲತಿ ಉಗುಳು ನುಂಗಿದಳು. ಒಮ್ಮೆ ನನ್ನನ್ನು ನೋಡಿದಳು. ಕಣ್ಣು ಮುಚ್ಚಿ ಬಾಯಿ ತೆರೆದಳು. ತೆಳ್ಳಗಿನ, ಸ್ವಚ್ಛವಾದ ದನಿ ಬಂತು.

"ಭಾಗೀರಥಿ."

ವೈದ್ಯೆ ಫೈಲನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಫೈಲನ್ನು ತಿರುವಿದರು. ಬೇರೆ ಯಾರದೋ ಗಂಟಲು ವಾಸಿ ಮಾಡಿದೆನೇ ಎಂಬಂತೆ. ಮುಕ್ತಾ ಯಾರದು ಎಂಬಂತೆ ನನ್ನ ಕಡೆ ತಿರುಗಿದಳು. "ಅಪ್ಪಾ, ಭಾಗೀರಥಿ ಕೋಣ್?"

ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗಂಡ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ನಾನೂ ಬರೆದಿದ್ದೆ, ಮಾಲತಿ ಎಂದು, ನನ್ನ ಅತ್ತೆಯೊಬ್ಬಳು ಆರಿಸಿಕೊಟ್ಟಿದ್ದ ಹೆಸರನ್ನು. ಹಳೆಯ ಹೆಸರಿನಿಂದ ಕರೆಯುವವರು ಅವಳ ತವರಿನಲ್ಲಿ ಒಬ್ಬೊಬ್ಬರಾಗಿ ಹೋದರು. ಈಗ ಆ ಹೆಸರು ಹಿಡಿದು ಕೇಳಿದರೆ ಬಾಗಲಕೋಟೆಯಲ್ಲಿ ಯಾರೂ ಹೇಳಲಾರರು, ನಾಸಿಕದಲ್ಲಂತೂ ಇಲ್ಲವೇ ಇಲ್ಲ.

ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅಭ್ಯಾಸಬಲದಿಂದ ನಾನು ಹೆಂಡತಿಯತ್ತ ತಿರುಗಿದೆ, ಕೇಳಿ ಹೇಳೋಣ ಎಂಬಂತೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಆಗ ಹೊಳೆಯಿತು, ಈ ಒಂದು ಪ್ರಶ್ನೆಗೆ ಯಾರನ್ನೂ ಕೇಳಬೇಕಾಗಿಲ್ಲ, ಇದರ ಉತ್ತರ ನನ್ನ ಹತ್ತಿರವೇ ಇದೆ.

"ಇಲ್ಲೇ ಅದಾಳವಾ" ಎಂದೆ. "ನಿಮ್ಮವ್ವ."